ಇನ್ನೂರ ಏಳನೇ ರೂಮು

ಸಾವರ್‌ಲೈನ್ ರಸ್ತೆಯ ಹಿಂದಿನ ಗಲ್ಲಿ. ಅದೇ ಲಾಡ್ಜು.
ಲಿಫ್ಟು ಕೆಟ್ಟು ಮೂರು ತಿಂಗಳು,
ಟೂಲ್ ಬ್ಯಾಗು ಹೊತ್ತು ಹತ್ತುತ್ತೇನೆ.
ನನ್ನ ಕಸುಬು ಹಲ್ಲಿನ ಡಾಕ್ಟರರ ಕುರ್ಚಿ ರಿಪೇರಿ.
ಇವತ್ತು ಭದ್ರಾವತಿಯಲ್ಲಿ ಎರಡು,
ನಾಳೆ ಸಾಗರದ ಅಲ್ಮೇಡಾ ಡಾಕ್ಟರರದು:
ಮೇಲೆ ಹೋದದ್ದು ಕೆಳಗಿಳಿಯುವುದಿಲ್ಲವಂತೆ,
ಪೇಷಂಟು ಹಾರಿ ಇಳಿಯಬೇಕಂತೆ.

ಚಿಲಕ ಹಾಕುತ್ತೇನೆ, ಎಳೆದು ನೋಡುತ್ತೇನೆ.
ಬಾಗಿಲಡಿಯ ಸಂದಿಗೆ ಒದ್ದೆ ಟವೆಲ್ಲು.
ಸ್ಟೂಲು ಹತ್ತಿ, ಸೂರಿಗಂಟಿದ ಬಿಳಿ ಬಿಲ್ಲೆಗೆ
ಸ್ನಾನದ ಪ್ಲಾಸ್ಟಿಕ್ ಟೋಪಿ ತೊಡಿಸುತ್ತೇನೆ,
ಕೂಸಿಗೆ ಕುಲಾವಿ ಕಟ್ಟಿದ ಹಾಗೆ.
ಮಲಗು, ಹೊಗೆ ಹಿಡಿಯುವ ಕೂಸೇ, ಮಲಗು.

ಆಮೇಲೆ ಸಾಕ್ಸಿನೊಳಗಿಂದ ಅದು ಹೊರಬರುತ್ತದೆ.
ಬೆರಳುದ್ದ. ನೀಲಿ.
ಮಾರಿದವನು ವಾಚಿನಂಗಡಿಯವನು,
ಹೆಸರು ಹಿಡಿದು ಕೇಳಿದರೆ ಇಲ್ಲ ಅನ್ನುತ್ತಾನೆ,
ಸುಮ್ಮನೆ ನಿಂತಿದ್ದರೆ ಒಳಗೆ ಹೋಗಿ ತರುತ್ತಾನೆ.
ಸೀಬೆಹಣ್ಣಿನ ರುಚಿ ಅಂತ ಬರೆದಿದೆ.
ಸೀಬೆ ಅಲ್ಲ,
ಸೀಬೆಯನ್ನು ಯಾರೋ ಫೋನಿನಲ್ಲಿ ವಿವರಿಸಿದ ಹಾಗೆ.
ಹೊಗೆಯೂ ಅಲ್ಲವಂತೆ, ಬರೀ ಆವಿಯಂತೆ.
ಇಡ್ಲಿ ಪಾತ್ರೆಯ ಮುಚ್ಚಳ ತೆಗೆದರೆ ಬರುವುದೂ ಆವಿಯೇ,
ಅದನ್ನು ಯಾರೂ ಬಚ್ಚಲಿಗೆ ಒಯ್ದು
ಫ್ಯಾನಿನ ಬಾಯಿಗೆ ಬಾಯಿಟ್ಟು ಬಿಡುವುದಿಲ್ಲ.

ಮಗಳು ಒಮ್ಮೆ ಚೀಲ ತಡಕಿ ಹಿಡಿದಿದ್ದಳು.
"ಅಪ್ಪಾ, ಪೆನ್ ಡ್ರೈವಾ?" "ಹೂಂ."
"ಏನಿದೆ ಇದರಲ್ಲಿ?" "ಕೆಲಸದ್ದು."
ಪೂರ್ತಿ ಸುಳ್ಳೇನಲ್ಲ.
ತರೀಕೆರೆ, ಬೀರೂರು, ಶಿಕಾರಿಪುರ, ಹೊಸನಗರ,
ಕೆಳಗೆ ಬಸ್ಸು ರಿವರ್ಸ್ ತೆಗೆಯುವ ಸದ್ದು,
ಪಕ್ಕದ ರೂಮಿನ ಅಪರಿಚಿತ ಕೆಮ್ಮು,
ಎಲ್ಲ ಅದರೊಳಗೇ ಸೇವ್ ಆಗಿದೆ.

ಬೆಳಿಗ್ಗೆ ಬಾಗಿಲು ಬಡಿದವಳು ಕರಿಬಸಮ್ಮ.
ಬಕೆಟ್ಟು, ಪೊರಕೆ, ಫಿನಾಯಿಲು.
ಟೋಪಿ ತೆಗೆಯುವುದು ಮರೆತಿದ್ದೆ.
ಮೇಲೆ ನೋಡಿದಳು. ನನ್ನ ನೋಡಿದಳು.
"ಪ್ಯಾರಲೆ ಹಣ್ ತಿಂದ್ರೇನ್ ಸಾರ್?"
"ಹೌದಮ್ಮ."
"ಈಗ ಅದ್ರ ಕಾಲ ಅಲ್ವಲ್ಲ."
ಪೊರಕೆಯ ಹಿಡಿಯಿಂದ ಒಂದೇ ತಿವಿತ,
ಟೋಪಿ ನನ್ನ ಹಾಸಿಗೆ ಮೇಲೆ.
"ಅದ್ಕೆ ಸೆಲ್ಲೇ ಇಲ್ಲ ಸಾರ್.
ಮ್ಯಾನೇಜರ್ ಪ್ರಾಣೇಶಪ್ಪ ಕಿತ್ತು ಗಡಿಯಾರಕ್ಕೆ ಹಾಕ್ಕೊಂಡಾರೆ.
ಕಟ್ಟೋ ಮನಿ ಮುಂದೆ ದೃಷ್ಟಿಬೊಂಬೆ ತೂಗಿಸ್ತಾರಲ್ಲ,
ಇದೂ ಹಂಗೇ."

ಮೂರು ವರ್ಷ.
ಮೂರು ವರ್ಷ ಒಂದು ಬೆದರುಬೊಂಬೆಗೆ ಟೋಪಿ ಹಾಕಿದ್ದೇನೆ,
ಟೋಪಿ ಯಾರಿಗೆ ಬಿತ್ತು ಅಂತ ಕೇಳಬೇಡಿ.

ಹೊದಿಕೆ ಕೊಡವುವಾಗ ಕಂಡೆ, ಅವಳ ಎಡಗೆನ್ನೆ ಉಬ್ಬಿದೆ.
"ಹೊಗೆಸೊಪ್ಪಾ?"
ಸೆರಗು ಬಾಯಿಗೆ ಹೋಯಿತು.
"ಪ್ರಾಣೇಶಪ್ಪಂಗೆ ಹೇಳ್ಬ್ಯಾಡ್ರಿ. ಹಲ್ಲುನೋವಿಗೆ ಇಟ್ಕಂತೀನಿ."
ನಾನೇನು ಡಾಕ್ಟರಲ್ಲ. ಆದರೂ ಕಿಟಕಿಯ ಬೆಳಕಿಗೆ
ತೋರಿಸಿ ಅಂದೆ, ತೋರಿಸಿದಳು.
ಒಳಗೆನ್ನೆಯಲ್ಲಿ ಬಿಳಿ ಕಲೆ,
ಸುಣ್ಣ ಒಣಗಿದ ಹಾಗೆ, ಆದರೆ ಸುಣ್ಣ ಅಲ್ಲ.
ಇಂಥವನ್ನು ಕುರ್ಚಿಯ ಕೆಳಗೆ ಮಲಗಿ ಬೋಲ್ಟು ಬಿಗಿಯುತ್ತಾ
ಡಾಕ್ಟರರು ದನಿ ತಗ್ಗಿಸಿ ಹೇಳುವಾಗ ಕೇಳಿದ್ದೇನೆ.

ಧೋಬಿ ಚೀಟಿಯ ಹಿಂದೆ
ದೊಡ್ಡಾಸ್ಪತ್ರೆಯ ಹಲ್ಲಿನ ವಿಭಾಗ, ಸೋಮವಾರ, ಬರೆದುಕೊಟ್ಟೆ.
ಎರಡು ಮಡಿಕೆ ಮಡಿಚಿ ಸೊಂಟಕ್ಕೆ ಸಿಕ್ಕಿಸಿ ಕೇಳಿದಳು:
"ನೀವು ತೋರಿಸ್ಕಂಡ್ರಾ ಸಾರ್?"
ಬಕೆಟ್ಟೆತ್ತಿಕೊಂಡು ಇನ್ನೂರ ಎಂಟಕ್ಕೆ ಹೋದಳು.

ಸಾಗರದಲ್ಲಿ ವಾಲ್ವು ಬದಲಿಸಿದೆ, ಎಣ್ಣೆ ಬಿಟ್ಟೆ.
"ನೀವೇ ಕೂತು ನೋಡಿ," ಅಂದರು ಅಲ್ಮೇಡಾ.
ಕೂತೆ. ಪೆಡಲು ಒತ್ತಿದರು,
ಕುರ್ಚಿ ಮೆಲ್ಲಗೆ, ಸದ್ದಿಲ್ಲದೆ ಇಳಿಯಿತು.
ದೀಪ ಮುಖದ ಮೇಲೆ ಬಿತ್ತು. ಅವರು ಹತ್ತಿರ ಬಗ್ಗಿದರು.
ನಾನು ಮೂಗಿನಲ್ಲೇ ಉಸಿರಾಡುತ್ತಾ
ಚೆನ್ನಾಗಿ ಇಳೀತಿದೆ ಅನ್ನುವುದನ್ನು
ಹೆಬ್ಬೆರಳೆತ್ತಿ ತೋರಿಸಿದೆ.